ಶಿವಾಜಿನಗರದಲ್ಲಿ ಇಲ್ಲದ ಖಾನಾವಳಿ

ಸಿಟ್ಟು ಬಂದರೆ ನಾಲ್ಕು ಮಾತು ಬೈದು ಮರೆತುಬಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಪಂಕಜಾಕ್ಷಿ ಆ ಪೈಕಿಯಲ್ಲ. ಅವಳು ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಆಗಾಗ ತೆಗೆದು ಕೈಯಾಡಿಸಿ ಇಡುವವಳು. ಶಿವಪುತ್ರಪ್ಪನ ಮೇಲಿನ ಸಿಟ್ಟನ್ನು ಹೀಗೆ ಹತ್ತು ವರ್ಷಕ್ಕೂ ಮಿಕ್ಕಿ ಕಾಪಾಡಿಕೊಂಡು ಬಂದಿದ್ದಳು. ಆ ಸಿಟ್ಟು ಯಾಕೆ ಹುಟ್ಟಿತು, ಅದನ್ನು ತೀರಿಸಿಕೊಳ್ಳಲು ಹೋಗಿ ಅವಳು ಏನು ಮಾಡಿಕೊಂಡಳು ಅನ್ನುವುದೇ ಅವಳ ಬದುಕಿನ ಕಥೆ. ಉಳಿದದ್ದೆಲ್ಲ ರೊಟ್ಟಿ ಬಡಿದದ್ದು.

ಅವಳು ಸಿಂದಗಿ ಕಡೆಯವಳು. ಹೊಳಬಸಪ್ಪನನ್ನು ಮದುವೆಯಾಗಿ ಪುಣೆಗೆ ಬಂದಾಗ ಮರಾಠಿಯಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ. ಹೊಳಬಸಪ್ಪ ಒಬ್ಬ ಕಾಳಿನ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಬಾಯಿಲ್ಲದ ಮನುಷ್ಯ. ಹೆಂಡತಿಯ ಬಾಯಿಯೇ ಇಬ್ಬರಿಗೂ ಸಾಕಾಗಿ ಉಳಿಯುತ್ತಿತ್ತು. ಅವನ ಡಬ್ಬಿಯ ರೊಟ್ಟಿ ಪಲ್ಯಕ್ಕೆ ಅಂಗಡಿಯವರೆಲ್ಲ ಕೈ ಹಾಕುವುದನ್ನು ನೋಡಿ ನೋಡಿ, ಎಂಬತ್ತೆಂಟರಲ್ಲಿ ಅವಳೇ ಹಟ ಹಿಡಿದು ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಲಾಂಡ್ರಿಗೂ ಒಂದು ಸೈಕಲ್ ಅಂಗಡಿಗೂ ನಡುವೆ ಖಾನಾವಳಿ ತೆರೆಸಿದಳು. ಅವಳು ಒಲೆಯ ಮುಂದೆ, ಗಂಡ ಬಡಿಸಲು, ಪುಟ್ಟ ಮಗಳು ಶೀತಲ ಹಿಟ್ಟಿನ ಚೀಲದ ಮೇಲೆ ನಿದ್ದೆ. ಕೋರ್ಟಿನ ಗುಮಾಸ್ತರು, ಕಾಲೇಜಿನ ಹುಡುಗರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಊರು ಬಿಟ್ಟು ಬಂದವರಿಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಬಿದ್ದರೆ ಕಣ್ಣು ಒದ್ದೆಯಾಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಪುಣೆಯಲ್ಲಿ ತನ್ನ ಹೆಸರು ಹೇಳಿದರೆ ನಾಲ್ಕು ಮಂದಿ ತಲೆಯಾಡಿಸುತ್ತಾರೆ ಅನ್ನುವ ಹೆಮ್ಮೆ ಅವಳಿಗೆ ಸಣ್ಣದಾಗಿರಲಿಲ್ಲ.

ಶಿವಪುತ್ರಪ್ಪ ಬಂದದ್ದು ತೊಂಬತ್ತಮೂರರಲ್ಲಿ. ಹತ್ತಿರದ ಯಾವುದೋ ಆಫೀಸಿನಲ್ಲಿ ಕಾರಕೂನ, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಒಂಟಿ ಜೀವ, ತಿಂಗಳ ಲೆಕ್ಕದಲ್ಲಿ ಊಟ. ಬಾಗಿಲಲ್ಲಿ ಅಂದಂದಿನ ಅಡುಗೆ ಬರೆಯುವ ಕರಿಹಲಗೆಯಿತ್ತು. ಪಂಕಜಾಕ್ಷಿಯ ಅಕ್ಷರ ಕೋಳಿ ಕೆದರಿದ ಹಾಗಿರುವುದನ್ನು ನೋಡಿ, “ಅಕ್ಕಾರ, ನಾ ಬರೀತೀನಿ ಕೊಡ್ರಿ” ಎಂದು ಸುಣ್ಣದ ಕಡ್ಡಿ ಇಸಿದುಕೊಂಡ. ಮುತ್ತು ಪೋಣಿಸಿದಂಥ ಅಕ್ಷರ. ಅಡುಗೆಯ ಹೆಸರು ಬರೆದ ಮೇಲೆ ಕೆಳಗೆ ಜಾಗ ಉಳಿಯಿತು. ಅಲ್ಲಿ ಎರಡು ಸಾಲು ಕಟ್ಟಿ ಹಾಕಿದ:

“ಬಸ್ಸು ಬರೂತನಕ ಸುಮ್ನ ಯಾಕ ನಿಂದರ್ತಿ ಬಿಸಲಾಗ,
ಎಣಗಾಯಿ ಹೆಸರ್ಹಿಡಿದು ಕರಿಯಾಕತ್ತದ ಒಳಗ.”

ಅಂದು ಬದನೆಯ ಎಣಗಾಯಿ ಹನ್ನೆರಡಕ್ಕೇ ಖಾಲಿ. ಮರುದಿನ ಬಂದವರು ಮೊದಲು ಹಲಗೆ ಓದಿದರು, ಆಮೇಲೆ ಒಳಗೆ ಬಂದರು. ಅಲ್ಲಿಂದ ದಿನಕ್ಕೊಂದು ಚುಟುಕು. ಬೆಳಿಗ್ಗೆ ಬರೆಯುವುದು, ಸಂಜೆ ಅಳಿಸುವುದು. ಉಣ್ಣದವರೂ ಓದಲಿಕ್ಕೆಂದೇ ಗಲ್ಲಿಗೆ ತಿರುಗಿ ಹೋಗುವಷ್ಟು ಅದು ಹೆಸರಾಯಿತು. ಪಂಕಜಾಕ್ಷಿ ಅವನ ಮೊಸರಿಗೆ ಕೆನೆ ಹಾಕುತ್ತಿದ್ದಳು. ಇಬ್ಬರಿಗೂ ಲಾಭ, ಇಬ್ಬರಿಗೂ ಹೆಸರು. ಹೀಗೇ ನಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಶ್ರಾವಣ ಸೋಮವಾರ ಅವಳು ಗೋದಿ ಹುಗ್ಗಿ ಮಾಡಿದಳು. ಹಲಗೆ ಬರೆದು ಶಿವಪುತ್ರಪ್ಪ ಆಫೀಸಿಗೆ ಹೋದ ಮೇಲೆ ಅದನ್ನು ಹೇಳುವುದು ಮರೆತದ್ದು ನೆನಪಾಯಿತು. ಜಾಗವಿರಲಿಲ್ಲ. ಹಸಿ ಅರಿವೆಯಿಂದ ಚುಟುಕನ್ನು ಒರೆಸಿ, ಅಲ್ಲಿ ತನ್ನ ಕೋಳಿ ಅಕ್ಷರದಲ್ಲಿ ‘ಇವತ್ತ ಹುಗ್ಗಿ ಅದ’ ಎಂದು ಬರೆದಳು. ಅಂದೇ ಮಧ್ಯಾಹ್ನ ಅವನು ತನ್ನ ಕವಿತ್ವ ತೋರಿಸಲು ದೊಡ್ಡ ಸಾಹೇಬನನ್ನು ಕರೆದುಕೊಂಡು ಬಂದಿದ್ದ. ಹಲಗೆ ನೋಡಿ ಮುಖ ಕಪ್ಪಾಯಿತು.

“ಅಕ್ಕಾರ, ನನ್ನ ಕವಿತಾ?”

“ಕವಿತಾದಿಂದ ಹೊಟ್ಟಿ ತುಂಬತದೇನ್ರಿ? ಕೂಡ್ರಿ, ಹುಗ್ಗಿ ಉಣ್ರಿ,” ಎಂದಳು ಅವಳು. ಸಾಹೇಬ ಗಹಗಹಿಸಿ ನಕ್ಕ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶಿವಪುತ್ರಪ್ಪ ಎರಡು ಸಲ ಹಾಕಿಸಿಕೊಂಡು ಉಂಡ, ಆದರೆ ತಲೆಯೆತ್ತಲಿಲ್ಲ. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಅವಳು ಆ ಮಾತನ್ನು ಆಡಿ ಅಲ್ಲೇ ಮರೆತಳು. ಅವನು ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ಬರೆದು ಹೋದ. ಅವಳು ಹಿಟ್ಟು ನಾದುತ್ತಿದ್ದಳು, ಹೊರಗೆ ನೋಡಲಿಲ್ಲ. ಹೊಳಬಸಪ್ಪ ಮಂಡಿಗೆ ಹೋಗಿದ್ದ. ಮಧ್ಯಾಹ್ನ ಬಾಗಿಲಲ್ಲಿ ನಗುವಿನ ಸದ್ದು ಹೆಚ್ಚಾದಾಗ ಕೈಗೆ ಹಿಟ್ಟು ಮೆತ್ತಿಕೊಂಡೇ ಹೋಗಿ ನೋಡಿದಳು:

“ಪಂಕಜಕ್ಕನ ಪಲ್ಯಾಕ ಬೀಗರು ಬಂದಾರ,
ಮೀಸಿ ತಿರುವಿಕೋತ ಜಿರಳೆಪ್ಪ ಮೊದಲ ಉಂಡಾರ.”

ಜಿರಳೆ! ದಿನಾ ಬೆಳಗಾಗುವ ಮೊದಲು ಬೇವಿನ ಹೊಗೆ ಹಾಕಿ, ಮೂಲೆ ಮೂಲೆಗೆ ಬಿಸಿನೀರು ಸುರಿದು ಒಲೆ ಹಚ್ಚುವವಳ ಅಡುಗೆಮನೆಯಲ್ಲಿ ಜಿರಳೆ. ಅವಳು ಸೆರಗಿನಿಂದಲೇ ಹಲಗೆ ಒರೆಸಿದಳು. ಆದರೆ ಮಡಕೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾದೀತೇ? ಸಾಯಂಕಾಲದ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಅದನ್ನು ಹಾಡುತ್ತಿದ್ದರು. ಮರಾಠಿಯವರು ಅರ್ಥ ಕೇಳಿ ತಿಳಿದುಕೊಂಡು ನಕ್ಕರು. ವಾರದಲ್ಲಿ ಅವಳ ಖಾನಾವಳಿಗೆ ‘ಜಿರಳೆಪ್ಪನ ಖಾನಾವಳಿ’ ಎಂದು ಹೆಸರು ಬಿತ್ತು. ಕೋರ್ಟಿನವರು ಮೊದಲು ಬಿಟ್ಟರು, ಕಾಲೇಜಿನವರು ಆಮೇಲೆ. ಇದ್ದವರೂ ಪಲ್ಯವನ್ನು ಬೆರಳಿನಿಂದ ಕೆದಕಿ ನೋಡಿ ಉಣ್ಣತೊಡಗಿದರು. ಅದನ್ನು ಒಲೆಯ ಹಿಂದಿನಿಂದ ನೋಡುತ್ತ ಅವಳು ಒಳಗೊಳಗೇ ಸತ್ತಳು. ಜಗಳವಾಡೋಣವೆಂದರೆ ಶಿವಪುತ್ರಪ್ಪ ಆ ದಿನದಿಂದ ಗಲ್ಲಿಗೆ ಕಾಲಿಡಲಿಲ್ಲ. ಆಫೀಸಿಗೆ ಹೋದರೆ ವರ್ಗವಾಗಿದೆ ಎಂದರು. ತೊಂಬತ್ತಾರರಲ್ಲಿ ಖಾನಾವಳಿಯ ಬಾಗಿಲು ಮುಚ್ಚಿತು. ಕೆಲವು ವರ್ಷಕ್ಕೆ ಆ ಗಲ್ಲಿಯನ್ನೇ ಒಡೆದು ದೊಡ್ಡ ಕಟ್ಟಡ ಎಬ್ಬಿಸಿದರು.

ಅವರು ಪುಣೆಯ ಅಂಚಿನ ಹಡಪಸರಕ್ಕೆ ಹೋದರು. ಹೊಳಬಸಪ್ಪ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದ. ಪಂಕಜಾಕ್ಷಿ ಮನೆಯಲ್ಲೇ ರೊಟ್ಟಿ ಬಡಿದು ಮನೆಮನೆಗೆ ಕೊಡತೊಡಗಿದಳು. ರೊಟ್ಟಿಗೆ ಹೆಸರು ಇರುವುದಿಲ್ಲ. ಯಾರು ಬಡಿದರು ಎಂದು ಯಾರೂ ಕೇಳುವುದಿಲ್ಲ. ಅವಳಿಗೆ ಸುಡುತ್ತಿದ್ದದ್ದು ಅದೇ. ಪ್ರತಿ ರೊಟ್ಟಿಗೂ ಒಂದೊಂದು ಏಟು ಶಿವಪುತ್ರಪ್ಪನ ಹೆಸರಿನಲ್ಲಿ ಬೀಳುತ್ತಿತ್ತು. ಒಂದು ದಿನ, ಎಂದಾದರೂ ಒಂದು ದಿನ, ಅವನು ನಾಲ್ಕು ಮಂದಿಯ ಮುಂದೆ ‘ಜಿರಳೆ ಇರಲಿಲ್ಲ, ನಾನು ಸುಳ್ಳು ಬರೆದೆ’ ಎನ್ನಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದು ಆಗದಿದ್ದರೆ ಅವನ ಹೆಸರಿಗೂ ಮಸಿ ಬೀಳಬೇಕು.

ಎರಡು ಸಾವಿರದ ಆರು. ಶೀತಲ ಹಡಪಸರದ ಒಂದು ಐ.ಟಿ. ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮನೆಗೆ ಒಂದು ಹಳೆಯ ಕಂಪ್ಯೂಟರ್ ಬಂದಿತ್ತು. ಸಂಜೆ ಅದರ ಮುಂದೆ ಕೂತರೆ ಅವಳು ಆರ್ಕುಟ್‌ನಲ್ಲಿ ಮುಳುಗಿದಳೆಂದೇ ಅರ್ಥ. ಅಲ್ಲಿ ‘ಪುಣೆ ಕನ್ನಡ ಗೆಳೆಯರು’ ಎಂಬ ಬಳಗವಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು, ಹಬ್ಬಕ್ಕೆ ಶುಭಾಶಯ, ಮಿಕ್ಕ ದಿನ ಜಗಳ.

“ಅವ್ವಾ, ಇಲ್ಲೊಬ್ಬ ಕವಿ ಅದಾನ, ಶಿವತನಯ ಅಂತ,” ಎಂದಳು ಒಂದು ಸಂಜೆ. “ತೊಂಬತ್ತಮೂರರಾಗ ಪುಣೆದಾಗ ದಿನಾ ನನ್ನ ಚುಟುಕು ಪ್ರಕಟ ಆಗ್ತಿದ್ವು, ಸಾವಿರಾರು ಮಂದಿ ಓದ್ತಿದ್ರು ಅಂತ ಬರದಾನ. ಎಲ್ಲಾರೂ ಅವನ ಬೆನ್ನು ಹತ್ಯಾರ.”

ಪಂಕಜಾಕ್ಷಿಯ ಕೈ ಹಿಟ್ಟಿನಲ್ಲೇ ನಿಂತಿತು. “ಓದು. ಪೂರಾ ಓದು.”

ಶೀತಲ ಓದಿದಳು. ಶಿವತನಯನಿಗೆ ಈ ರಾಜ್ಯೋತ್ಸವದಲ್ಲಿ ‘ಪುಣೆಯ ಮೊದಲ ನಿತ್ಯಕವಿ’ ಎಂದು ಶಾಲು ಹೊದಿಸಿ, ಚುಟುಕುಗಳ ಪುಸ್ತಕ ತರಬೇಕೆಂದು ಬಳಗದ ಹಿರಿಯರು ಗೊತ್ತು ಮಾಡಿದ್ದರು. ಅದಕ್ಕೆ ಅಡ್ಡ ನಿಂತವನು ರೋಹಿತ ಎಂಬ ಬೆಂಗಳೂರಿನ ಹುಡುಗ. “ಯಾವ ಪೇಪರ್ ಸಾರ್? ಒಂದು ಸ್ಕ್ಯಾನ್ ಹಾಕಿ, ಮುಗೀತು,” ಎಂದು ಶುರು ಮಾಡಿದ್ದ. ಶಿವತನಯ ಮೊದಲು ‘ನಿತ್ಯ ಪ್ರಕಟಣೆ’ ಎಂದು ಮೂಗಿಗೆ ತುಪ್ಪ ಸವರಿದ್ದ. ಪಟ್ಟು ಹಿಡಿದ ಮೇಲೆ, ಅದು ಶಿವಾಜಿನಗರದ ಒಂದು ಕನ್ನಡ ಖಾನಾವಳಿಯ ಹಲಗೆ ಎಂದು ಬಾಯಿಬಿಟ್ಟಿದ್ದ. ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. “ಮೆನು ಕಾರ್ಡಿನ ಕವಿ” ಎಂದು ಒಬ್ಬ ಬರೆದಿದ್ದ. ಹಿರಿಯರು ಮಾತ್ರ, “ಹಲಗೆಯಾದರೇನು? ಪರದೇಶದಲ್ಲಿ ದಿನಾ ಕನ್ನಡ ಓದಿಸಿದನಲ್ಲ, ಅದೇ ದೊಡ್ಡದು” ಎಂದು ಅವನ ಪರ ನಿಂತಿದ್ದರು. ಸನ್ಮಾನ ನಿಲ್ಲುವ ಲಕ್ಷಣ ಇರಲಿಲ್ಲ.

ತನ್ನ ಖಾನಾವಳಿಯ ಗೋಡೆ ಹತ್ತಿ ನಿಂತು ಅವನು ಹಾರ ಹಾಕಿಸಿಕೊಳ್ಳುತ್ತಾನೆ! ಜಿರಳೆಯ ಚುಟುಕಿನ ಸೊಲ್ಲೇ ಇಲ್ಲ. ಪಂಕಜಾಕ್ಷಿಗೆ ಮೈಯೆಲ್ಲ ಬೆಂಕಿಯಾಯಿತು.

“ಶೀತಲ, ಒಂದು ಹೊಸಾ ಹೆಸರು ಮಾಡು. ಗಂಡಸಿಂದು. ‘ಶಿವಾಜಿನಗರದ ಹಳಬ’ ಅಂತ. ನಾ ಹೇಳಿದ್ದು ಬರಿ.”

ಮಗಳು ಬರೆದಳು. “ನಾನು ಎಂಬತ್ತೇಳರಿಂದ ಆ ಗಲ್ಲಿಯಲ್ಲೇ ಇದ್ದವನು. ಒಂದು ಲಾಂಡ್ರಿ, ಒಂದು ಸೈಕಲ್ ಅಂಗಡಿ, ನಡುವೆ ಖಾಲಿ ಗೋಡೆ. ಅಲ್ಲಿ ಕನ್ನಡದವರ ಖಾನಾವಳಿ ಯಾವತ್ತೂ ಇರಲಿಲ್ಲ...” ಅಲ್ಲಿಗೆ ಶೀತಲಳ ಬೆರಳುಗಳು ನಿಂತವು.

“ಅವ್ವಾ, ಇದು ನಮ್ಮ ಖಾನಾವಳಿ.”

“ಗೊತ್ತದ. ಖಾನಾವಳಿ ಇತ್ತಂದ್ರ ಹಲಗಿ ಇತ್ತು, ಹಲಗಿ ಇತ್ತಂದ್ರ ಅಂವಾ ಕವಿ. ಬುಡಕ್ಕ ಕೊಡ್ಲಿ ಹಾಕು. ಬರಿ, ‘ಕವಿಗಳು ಕನಸಿನಲ್ಲಿ ಉಂಡಿರಬೇಕು.’”

ಆ ಒಂದು ಮಾತಿನಿಂದ ಬಳಗದ ಗಾಳಿ ತಿರುಗಿತು. ಹಳಬನೇ ಬಂದು ಹೇಳಿದ ಮೇಲೆ ಇನ್ನೇನು? ರೋಹಿತ ಕುಣಿದಾಡಿದ. ಯಾರೋ ಒಬ್ಬರು, “ನಮ್ಮಪ್ಪ ಅಲ್ಲೆಲ್ಲೋ ರೊಟ್ಟಿ ಊಟ ಮಾಡ್ತಿದ್ದೆ ಅಂತಾರೆ” ಎಂದು ಬರೆದರೆ, ಹಳಬ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಉತ್ತರಿಸಿದ: “ಅದು ಪಕ್ಕದ ಗಲ್ಲಿ, ಮರಾಠಿಯವರದು.” ಶಿವತನಯ ಒದ್ದಾಡಿದ. ಹೊಳಬಸಪ್ಪ ಅನ್ನುವವರು ಬಡಿಸುತ್ತಿದ್ದರು ಎಂದ. ಎಣಗಾಯಿಯ ರುಚಿ ಬಣ್ಣಿಸಿದ. ಶ್ರಾವಣದ ಹುಗ್ಗಿ ನೆನೆದ. ಪ್ರತಿಯೊಂದಕ್ಕೂ ಹಳಬನಿಂದ ತಣ್ಣಗಿನ ಏಟು. ಪಂಕಜಾಕ್ಷಿ ದಿನಾ ಸಂಜೆ ಮಗಳ ಹಿಂದೆ ನಿಂತು ಹೇಳಿ ಬರೆಸುವಳು, ಬರೆಸಿ ನಗುವಳು. ತಿಂಗಳುಗಟ್ಟಲೆ ಇಲ್ಲದ ಹಸಿವು ಅವಳಿಗೆ ಬಂತು. ಗಂಡನಿಗೆ ಏನೂ ಹೇಳಲಿಲ್ಲ. ಅವನಿಗೆ ಕಂಪ್ಯೂಟರ್ ಅಂದರೆ ಟಿ.ವಿ.ಯ ತಮ್ಮ ಅಷ್ಟೇ.

ಕೊನೆಗೆ ಬಳಗದವರು ಸನ್ಮಾನ ರದ್ದಾಗಿದೆ ಎಂದು ಹಾಕಿದರು. ಪುಸ್ತಕವೂ ಇಲ್ಲ. “ಖಾನಾವಳಿ ಓನರ್‌ನ ಕರ್ಕೊಂಡು ಬನ್ನಿ ಸಾರ್, ಆಗ ನೋಡೋಣ” ಎಂದು ರೋಹಿತ ಕೊನೆಯ ಕಲ್ಲು ಎಸೆದ. ಅಂದು ಪಂಕಜಾಕ್ಷಿ ಹಬ್ಬವಿಲ್ಲದೆ ಹೋಳಿಗೆ ಮಾಡಿದಳು. ಹೊಟ್ಟೆ ತಣ್ಣಗಾಗಿತ್ತು.

ಆದರೆ ಓನರ್‌ನ ಕರೆದುಕೊಂಡು ಬನ್ನಿ ಅಂದದ್ದನ್ನು ಶಿವಪುತ್ರಪ್ಪ ನಿಜವಾಗಿಯೇ ತಲೆಗೆ ಹಚ್ಚಿಕೊಂಡ. ಕನ್ನಡದವರ ಕಿರಾಣಿ ಅಂಗಡಿಗಳಲ್ಲಿ ಕೇಳುತ್ತ, ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ವಿಚಾರಿಸುತ್ತ, ಒಂದು ರವಿವಾರ ಮುಂಜಾನೆ ಅವರ ಮನೆಯ ಬಾಗಿಲಿಗೆ ಬಂದು ನಿಂತ. ಹೊಳಬಸಪ್ಪ ಬಾಗಿಲು ತೆರೆದ. ಇಬ್ಬರಿಗೂ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಶಿವಪುತ್ರಪ್ಪನ ತಲೆ ಪೂರಾ ನರೆತು, ಅಂಗಿ ಮೈಗೆ ದೊಡ್ಡದಾಗಿತ್ತು.

“ಬರ್ರಿ, ಒಳಗ ಬರ್ರಿ,” ಎಂದ ಹೊಳಬಸಪ್ಪ. ಅವನ ಸ್ವಭಾವವೇ ಅದು.

ಶಿವಪುತ್ರಪ್ಪ ಕೂಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಪಂಕಜಾಕ್ಷಿಗೆ ಕೈಮುಗಿದ. “ಅಕ್ಕಾರ, ನಾ ಸುಳ್ಳಗಾರ ಆಗೇನ್ರಿ. ಖಾನಾವಳಿನ ಇದ್ದಿಲ್ಲ ಅಂತಾರ. ಹೆಂಡತಿ ಸತ್ತಾಳ, ನೌಕರಿ ಮುಗದದ. ಆ ಹಲಗಿ ಮ್ಯಾಲಿನ ನಾಕು ಸಾಲು ಬಿಟ್ರ ನಾ ಬದಕಿದ್ದಕ್ಕ ಏನೂ ಗುರ್ತಿಲ್ಲ. ಇತ್ತು ಅಂತ ಒಂದು ಮಾತು ನೀವ ಹೇಳಬೇಕು.”

ಹತ್ತು ವರ್ಷ ಅವಳು ಕಾದ ಗಳಿಗೆ. ಅವನ ಕಣ್ಣಲ್ಲಿ ನೀರಿತ್ತು, ಅವಳಿಗೆ ಅದು ಚಲೋ ಅನ್ನಿಸಿತು.

“ಜಿರಳಿ ಇತ್ತೇನ್ರಿ ನನ್ನ ಪಲ್ಯಾದಾಗ?”

ಅವನು ತಲೆ ತಗ್ಗಿಸಿದ. “ಇದ್ದಿಲ್ರಿ.”

“ನನ್ನ ಮುಂದ ಅಲ್ಲ. ಅಲ್ಲಿ ಬರೀರಿ, ಎಲ್ಲಾರ ಮುಂದ. ಆಮ್ಯಾಲ ನನ್ನ ಮಾತು.”

ಶೀತಲ ಕಂಪ್ಯೂಟರ್ ಹಚ್ಚಿದಳು. ಆರ್ಕುಟ್ ತೆರೆಯಿತು, ಮೇಲ್ಗಡೆ ಹೆಸರು ಮೂಡಿತು: ‘ಶಿವಾಜಿನಗರದ ಹಳಬ’. ಶೀತಲ ಗಾಬರಿಯಿಂದ ಮುಚ್ಚಲು ಹೋದಳು. ಶಿವಪುತ್ರಪ್ಪ ಆಗಲೇ ಓದಿಬಿಟ್ಟಿದ್ದ. ತಿರುಗಿ ಪಂಕಜಾಕ್ಷಿಯನ್ನು ನೋಡಿದ.

“ಹೌದು,” ಎಂದಳು ಅವಳು. “ನಾನ.”

ಅವನು ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದುಕೊಂಡಿದ್ದಳು. ಅವನು ಸೋತವನ ಹಾಗೆ ನಕ್ಕ. “ಭಾಳ ಚಲೋ ಬರದೀರಿ ಅಕ್ಕಾರ. ಖಾನಾವಳಿ ಖರೇನ ಇತ್ತೋ ಇಲ್ಲೋ ಅಂತ ನನಗ ಒಮ್ಮೊಮ್ಮೆ ಅನುಮಾನ ಬರ್ತಿತ್ತು.” ಎಂದವನು ಕುರ್ಚಿ ಎಳೆದುಕೊಂಡು, ತನ್ನ ಹೆಸರಿನಿಂದ ಒಳಗೆ ಹೋಗಿ, ಒಂದೊಂದೇ ಅಕ್ಷರ ಹುಡುಕುತ್ತ ಬರೆದ. ತನ್ನ ಕೊನೆಯ ಚುಟುಕನ್ನು ಹಾಕಿದ. ಅದರ ಕೆಳಗೆ, “ಇದು ಸುಳ್ಳು. ಪಂಕಜಾಕ್ಷಿಯವರ ಅಡುಗೆಯಲ್ಲಿ ಜಿರಳೆ ಇರಲಿಲ್ಲ. ಸಿಟ್ಟಿಗೆ ಬರೆದೆ. ಇದರಿಂದ ಅವರ ಖಾನಾವಳಿ ಮುಚ್ಚಿತು. ತಪ್ಪು ನನ್ನದು.”

ಪಂಕಜಾಕ್ಷಿ ಅದನ್ನು ಮಗಳಿಂದ ಮತ್ತೆ ಮತ್ತೆ ಓದಿಸಿಕೊಂಡಳು. ಇದೇ, ಇದೇ ಮಾತು. ಅವರು ಚಹಾ ಕುಡಿಯುವಷ್ಟರಲ್ಲಿ ಕೆಳಗೆ ಉತ್ತರಗಳು ಬೀಳತೊಡಗಿದವು. ರೋಹಿತನೇ ಮೊದಲು: “ಇಲ್ಲದ ಖಾನಾವಳಿಯಲ್ಲಿ ಇಲ್ಲದ ಜಿರಳೆ! ಸಾರ್, ಈಗ ಕಥೇನೂ ಬರೀತೀರಾ?” ಇನ್ನೊಬ್ಬ: “ಪಂಕಜಾಕ್ಷಿ ಅನ್ನೋ ಪಾತ್ರ ಸೂಪರ್.” ಮತ್ತೊಬ್ಬ: “ಹಳಬರೇ, ಬಂದು ಹೇಳಿ, ಈ ಹೆಂಗಸಾದ್ರೂ ಇದ್ಳಾ?”

ಹೊಳಬಸಪ್ಪ ಮಗಳನ್ನು ಕೇಳಿ ಎಲ್ಲವನ್ನೂ ತಿಳಿದುಕೊಂಡ. ಅವನ ಮುಖ ಸಣ್ಣದಾಯಿತು.

“ಬರಿ,” ಎಂದ ಹೆಂಡತಿಗೆ. “ನಿನ್ನ ಹೆಸರಿಲೆ ಬರಿ. ಹಳಬ ನಾನ, ಖಾನಾವಳಿ ನಮ್ದ, ಈ ಮನಷ್ಯಾ ಹೇಳೂದು ಖರೇ ಅಂತ.”

ಅವಳಿಗೆ ಲೆಕ್ಕ ಸ್ಪಷ್ಟವಾಗಿತ್ತು. ಬರೆದರೆ ಜಿರಳೆಯ ಕಳಂಕ ಹೋಗುತ್ತದೆ, ಖಾನಾವಳಿ ಬದುಕುತ್ತದೆ. ಜೊತೆಗೇ ಅವನಿಗೆ ಶಾಲು, ಅವನಿಗೆ ಪುಸ್ತಕ, ತಪ್ಪೊಪ್ಪಿಕೊಂಡ ದೊಡ್ಡ ಮನುಷ್ಯ ಅನ್ನುವ ಹೊಗಳಿಕೆ ಬೇರೆ. ಅವಳನ್ನು ಹಾಳು ಮಾಡಿದ ಕೈಗೇ ಹೂವು. ಅವಳಿಗೆ ಉಳಿಯುವುದು ಸುಳ್ಳು ಹೆಸರಿನಲ್ಲಿ ಬರೆದವಳು ಅನ್ನುವ ಪಟ್ಟ. ಶಿವಪುತ್ರಪ್ಪ ಅವಳನ್ನೇ ನೋಡುತ್ತಿದ್ದ. ಆ ಆಸೆಗಣ್ಣು ನೋಡಿಯೇ ಅವಳಿಗೆ ಮತ್ತೆ ರೇಗಿತು.

“ಬರಿಯೂದಿಲ್ಲ,” ಎಂದಳು.

“ಅವ್ವಾ, ಹಂಗಾದ್ರ ನಮ್ಮ ಖಾನಾವಳಿ?” ಎಂದಳು ಶೀತಲ.

“ಇದ್ದಿಲ್ಲ. ಬರದೀವಲ್ಲ, ಇದ್ದಿಲ್ಲ ಅಂತ. ಆರಸು ಆ ಕಂಪ್ಯೂಟರ್.”

ಶಿವಪುತ್ರಪ್ಪ ಎದ್ದ. ಬಗ್ಗಿ ಚಪ್ಪಲಿ ಹುಡುಕಿದ. ಹೊಳಬಸಪ್ಪ ಅಂಗಿ ತೊಟ್ಟುಕೊಂಡು, “ನಡೀರಿ, ಬಸ್ಸಿನ ತನಕ ಬರ್ತೀನಿ” ಎಂದು ಅವನ ಜೊತೆ ಹೊರಟ. ಅವಳು ಬಾಗಿಲಲ್ಲಿ ನಿಂತಳು. ಇಬ್ಬರು ಮುದುಕರು ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಇಷ್ಟು ವರ್ಷ ಮನೆಯಲ್ಲಿ ಆಡದ ಮಾತು ಗಂಡನ ಬಾಯಲ್ಲಿ ಕೇಳಿಸಿತು.

“ಮುಂಜಾನೆ ಪಂಕ್ತಿ ಭಾಳ ದೊಡ್ಡದಿರ್ತಿತ್ತಲ್ರಿ? ಕೋರ್ಟಿನವರು ಹೊರಗ ನಿಂದರ್ತಿದ್ರು.”

“ಹೌದ್ರಿ. ನಾ ಬರಿಯೂಮುಂದ ಹಿಂದ ನಿಂತು ಓದ್ತಿದ್ರು. ಹಲಗಿ ಬಾಗಲಾ ಬಲಕ್ಕಿತ್ತು, ಹೌದಲ್ಲ?”

“ಬಲಕ್ಕ. ಬಲಕ್ಕ ಇತ್ತು,” ಎಂದ ಹೊಳಬಸಪ್ಪ.

ಎಡಕ್ಕಿತ್ತು. ಬಲಕ್ಕೆ ನೀರಿನ ಪಿಪಾಯಿ. ಮೊಳೆ ಬಡಿದವಳು ಅವಳೇ, ದಿನಾ ಒರೆಸಿದವಳು ಅವಳೇ. ಮಾತು ನಾಲಿಗೆಯ ತುದಿಗೆ ಬಂತು. ಇಲ್ಲದ ಖಾನಾವಳಿಯ ಹಲಗೆ ಎಡಕ್ಕಿತ್ತು ಎಂದು ಕೂಗಿ ಹೇಳುವುದಾದರೂ ಹೇಗೆ? ಕೆಳಗೆ ಇಬ್ಬರೂ ಬಲಕ್ಕೇ ಇತ್ತೆಂದು ಒಪ್ಪಿಕೊಂಡು ಬೀದಿಗೆ ಇಳಿದರು.